ರಜೆಗೆ ಬರುವ ತನಕ ಕುತ್ತಿಗೆ ಕಾಯುವುದಿಲ್ಲ

ನಮಾಝಿನ ಕೊನೆಯಲ್ಲಿ ಸಲಾಂ ಹೇಳುವಾಗ ಮುಖವನ್ನು ಬಲಕ್ಕೂ ಎಡಕ್ಕೂ ತಿರುಗಿಸುತ್ತೇವೆ. ಮದ್ರಸದ ಒಂದನೇ ತರಗತಿಯ ಮಕ್ಕಳಿಗೂ ಇದು ಗೊತ್ತು. ಇತ್ತೀಚೆಗೆ ದುಬೈಯಿಂದ ರಜೆಯಲ್ಲಿ ಬಂದಿದ್ದ ನಮ್ಮ ಜಮಾಅತಿನ ಒಬ್ಬ ಯುವಕ ಇಶಾ ನಮಾಝಿಗೆ ನಮ್ಮ ಪಕ್ಕದಲ್ಲೇ ನಿಂತಿದ್ದ. ಸಲಾಂ ಹೇಳುವಾಗ ಅವನ ಮುಖ ತಿರುಗಲಿಲ್ಲ. ಸೊಂಟದಿಂದ ಮೇಲೆ ಇಡೀ ಶರೀರವೇ ತಿರುಗಿತು.

ಹೊರಗೆ ಬಂದ ಮೇಲೆ ಕೇಳಿದೆವು, "ಕುತ್ತಿಗೆಗೆ ಎಂತ ಆಯ್ತು ಮೋನೇ?"

"ಎಂತ ಇಲ್ಲ ಉಸ್ತಾದ್. ಎಂಟು ತಿಂಗಳಿಂದ ಸ್ವಲ್ಪ ನೋವುಂಟು. ಊರಿಗೆ ಬಂದಾಗ ತೋರಿಸುವ ಅಂತ ಇಟ್ಟಿದ್ದೆ" ಅಂದ.

ಅವನು ಅಲ್ಲಿ ಡೆಲಿವರಿ ವ್ಯಾನ್ ಓಡಿಸುವುದು. ಬಂದದ್ದು ಒಂದು ತಿಂಗಳ ರಜೆಯಲ್ಲಿ. ಮೊದಲ ವಾರ ಸಂಬಂಧಿಕರ ಮನೆ, ಎರಡನೆಯ ವಾರ ತಂಗಿಯ ನಿಕಾಹ್, ಮತ್ತೆ ಮನೆಯ ಹಂಚಿನ ಕೆಲಸ. ಫಿಸಿಯೋಥೆರಪಿಯವರ ಬಳಿ ಹೋದದ್ದು ಇಪ್ಪತ್ತೆರಡನೆಯ ದಿನ. ಅವರು ನೋಡಿ, "ಇದಕ್ಕೆ ಕಡಿಮೆಯೆಂದರೂ ಆರು ವಾರದ ವ್ಯಾಯಾಮ ಬೇಕು, ನಡುನಡುವೆ ಬಂದು ತೋರಿಸಬೇಕು" ಎಂದರಂತೆ. ಅವನ ಕೈಯಲ್ಲಿ ಉಳಿದದ್ದು ಎಂಟು ದಿನ. ಹೋಗುವಾಗ ಉಮ್ಮ ಒಂದು ಚೀಲ ಮಾತ್ರೆ ಮತ್ತು ತೈಲ ಕಟ್ಟಿ ಕೊಟ್ಟರು.

ಇದು ಅವನೊಬ್ಬನ ಕಥೆ ಅಲ್ಲ. ನಮ್ಮ ಮನೆಗಳಲ್ಲಿ ಗಲ್ಫಿನಲ್ಲಿರುವವರ ಹಲ್ಲುನೋವು, ಬೆನ್ನುನೋವು, ಕುತ್ತಿಗೆ ನೋವು ಎಲ್ಲವೂ "ಊರಿಗೆ ಬಂದಾಗ ನೋಡುವ" ಎಂಬ ಪೆಟ್ಟಿಗೆಯಲ್ಲಿ ಇರುತ್ತದೆ. ಬೇರೆಯದ್ದು ಹೇಗೋ ಏನೋ, ಹಳೆಯ ಕುತ್ತಿಗೆ ನೋವಿಗೆ ಈ ಲೆಕ್ಕ ಸರಿಹೋಗುವುದಿಲ್ಲ ಎಂಬುದೇ ನಮ್ಮ ಇಂದಿನ ಮಾತು. ನೋವು ಹುಟ್ಟುವುದು ಅಲ್ಲಿನ ಕೆಲಸದಲ್ಲಿ, ಅಲ್ಲಿನ ಮಂಚದಲ್ಲಿ. ಅದರ ಚಿಕಿತ್ಸೆಯೂ ಅಲ್ಲೇ ಆಗಬೇಕು.

ಹೆಚ್ಚಿನ ಕುತ್ತಿಗೆ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎಂದು ಲೆಕ್ಕ ಹಾಕುತ್ತಾರೆ. ಆಗ ಫಿಸಿಯೋಥೆರಪಿಯವರು ಮಾಡುವುದೇನು? ಯಾವ ಕೆಲಸ, ಹೇಗೆ ಕೂರುವುದು, ಹೇಗೆ ಮಲಗುವುದು ಎಂದು ಕೇಳುತ್ತಾರೆ. ಕುತ್ತಿಗೆ ಯಾವ ಕಡೆಗೆ ಎಷ್ಟು ತಿರುಗುತ್ತದೆ, ಕೈಯಲ್ಲಿ ಬಲ ಉಂಟೋ, ಬೆರಳುಗಳಲ್ಲಿ ಸ್ಪರ್ಶ ಉಂಟೋ ನೋಡುತ್ತಾರೆ. ಮತ್ತೆ ಕುತ್ತಿಗೆ, ಹೆಗಲಿನ ಸ್ನಾಯುಗಳಿಗೆ ವ್ಯಾಯಾಮ ಕಲಿಸುತ್ತಾರೆ. ಶಾಖ, ಮೆಷಿನು, ಕೈಯಿಂದ ಒತ್ತುವುದು ಇವೆಲ್ಲ ಆ ಹೊತ್ತಿಗೆ ನೋವು ಇಳಿಸುತ್ತವೆ. ಉಳಿಯುವ ಗುಣ ಬರುವುದು ಪ್ರತಿದಿನ ತಾನೇ ಮಾಡುವ ವ್ಯಾಯಾಮದಿಂದ. ಮಗು ಮದ್ರಸದಲ್ಲಿ ಪಾಠ ಕೇಳಿ ಮನೆಯಲ್ಲಿ ಓದದಿದ್ದರೆ ಎಷ್ಟು ಪ್ರಯೋಜನವೋ ಇದೂ ಅಷ್ಟೇ.

"ಅಲ್ಲಿ ಆಸ್ಪತ್ರೆಗೆ ಹೋದರೆ ಸಂಬಳವೇ ಹೋಗುತ್ತದೆ" ಎಂದು ನಮ್ಮವರು ಹೇಳುತ್ತಾರೆ. ಆ ಯುವಕನೂ ಅದನ್ನೇ ಹೇಳಿದ. ಆದರೆ ಎಂಟು ತಿಂಗಳೂ ಅವನ ಪರ್ಸಿನಲ್ಲಿ ವಿಮೆಯ ಕಾರ್ಡ್ ಇತ್ತು! ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ಕೆಲಸಗಾರನ ಆರೋಗ್ಯ ವಿಮೆಯನ್ನು ಕಂಪನಿಯೇ ಮಾಡಿಸಬೇಕು. ಅದರ ಹಣವನ್ನು ಸಂಬಳದಿಂದ ಮುರಿಯುವ ಹಾಗಿಲ್ಲ. ಅಬುಧಾಬಿಯಲ್ಲಿ ಇದಕ್ಕಿಂತ ಮೊದಲೇ ಕಡ್ಡಾಯವಾಗಿತ್ತು. ಶಾರ್ಜಾ, ಅಜ್ಮಾನ್, ಫುಜೈರಾ ಮುಂತಾದ ಉಳಿದ ಎಮಿರೇಟುಗಳಲ್ಲಿ 2025ರ ಜನವರಿ 1ರಿಂದ ಖಾಸಗಿ ಕಂಪನಿಯವರಿಗೂ ಮನೆಗೆಲಸದವರಿಗೂ ಕಡ್ಡಾಯವಾಗಿದೆ. ಸೌದಿಯಲ್ಲೂ ಖಾಸಗಿ ಕಂಪನಿ ತನ್ನ ಕೆಲಸಗಾರರಿಗೆ ವಿಮೆ ಮಾಡಿಸಲೇಬೇಕು.

ದುಬೈಯಲ್ಲಿ ಕಡಿಮೆ ಸಂಬಳದವರಿಗಾಗಿ ಇರುವ ಮೂಲ ವಿಮೆಯಲ್ಲಿಯೂ ವರ್ಷಕ್ಕೆ 6 ಸಲದ ಫಿಸಿಯೋಥೆರಪಿ ಉಂಟು. ಅದಕ್ಕೊಂದು ಕ್ರಮ ಇದೆ. ನೇರವಾಗಿ ಫಿಸಿಯೋಥೆರಪಿಯವರ ಬಳಿ ಹೋದರೆ ವಿಮೆ ಸಿಗಲಿಕ್ಕಿಲ್ಲ. ಕಾರ್ಡಿನ ಪಟ್ಟಿಯಲ್ಲಿರುವ ಕ್ಲಿನಿಕ್ಕಿನ ಸಾಮಾನ್ಯ ವೈದ್ಯರಿಗೆ ಮೊದಲು ತೋರಿಸಬೇಕು. ಅವರು ಬರೆದುಕೊಡಬೇಕು, ವಿಮಾ ಕಂಪನಿ ಮುಂಚಿತವಾಗಿ ಒಪ್ಪಿಗೆ ಕೊಡಬೇಕು. ಖರ್ಚಿನಲ್ಲಿ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ 20, ನಮ್ಮ ಕೈಯಿಂದ ಹೋಗುತ್ತದೆ. 6 ಸಲ ಕಡಿಮೆ ಅನಿಸಬಹುದು. ವಾರಕ್ಕೊಂದರಂತೆ ಹೋಗಿ, ನಡುವಿನ ದಿನಗಳಲ್ಲಿ ಹೇಳಿದ ವ್ಯಾಯಾಮ ಬಿಡದೆ ಮಾಡಿದರೆ ಆರು ವಾರ ಆಯಿತಲ್ಲ? ಊರಿನವರು ಬೇಕೆಂದು ಹೇಳಿದ್ದೂ ಅಷ್ಟೇ.

ಭಾಷೆಯ ಹೆದರಿಕೆಯೂ ಬೇಡ. ಅಲ್ಲಿನ ಕ್ಲಿನಿಕ್ಕುಗಳಲ್ಲಿ ಮಲಯಾಳಂ, ಹಿಂದಿ ಮಾತನಾಡುವವರು ಸಿಗುವುದು ಕಷ್ಟವಲ್ಲ. ನೋಡಬೇಕಾದದ್ದು ಲೈಸೆನ್ಸ್. ದುಬೈಯಲ್ಲಿ ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಫಿಸಿಯೋಥೆರಪಿಸ್ಟರಿಗೆ ಪರವಾನಿಗೆ ಕೊಡುತ್ತವೆ. ಪರವಾನಿಗೆ ಉಂಟಾ ಎಂದು ಕೇಳಲು ನಾಚಿಕೆ ಯಾಕೆ? ಸಲೂನಿನಲ್ಲಿ ತಲೆ ಮಾಲೀಶ್ ಮಾಡಿ ಕೊನೆಗೆ ಕುತ್ತಿಗೆಯನ್ನು ಲಟಕ್ ಎಂದು ತಿರುಗಿಸುವವರಿಗೆ ಮಾತ್ರ ಕುತ್ತಿಗೆ ಕೊಡಬೇಡಿ. ಕುತ್ತಿಗೆಯೊಳಗೆ ಮೆದುಳಿಗೆ ಹೋಗುವ ರಕ್ತನಾಳವಿದೆ. ಅದಕ್ಕೆ ಪೆಟ್ಟಾದರೆ ಪಾರ್ಶ್ವವಾಯು ಬಂದೀತು.

ಕೆಲವು ಲಕ್ಷಣಗಳಿಗೆ ಆರು ವಾರವೂ ಕಾಯಬಾರದು. ಕೈ ಜೋಮು ಹಿಡಿಯುವುದು, ಹಿಡಿದ ಸಾಮಾನು ಕೈಯಿಂದ ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ನೋವಿನ ಜೊತೆ ಜ್ವರ, ಬಿದ್ದ ಅಥವಾ ಅಪಘಾತವಾದ ಮೇಲಿನ ನೋವು. ಇದರಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ಮನೆಯವರಿಗೆ ಎರಡು ಮಾತು. ಮೊದಲನೆಯದು ಮಾತ್ರೆಯ ಪಾರ್ಸೆಲ್. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದರೆ ಹೊಟ್ಟೆಗೂ ಕಿಡ್ನಿಗೂ ಕೇಡು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದುಂಟು. ನಮ್ಮಲ್ಲಿ ಚೀಟಿಗೆ ಸಿಗುವ ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಮೊದಲೇ ಅನುಮತಿ ಪಡೆಯದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಹಿಡಿಯಬಹುದು, ಕೇಸೂ ಆಗಬಹುದು. ಉಮ್ಮ ಪ್ರೀತಿಯಿಂದ ಕಟ್ಟಿದ ಚೀಲ ಮಗನನ್ನು ಜೈಲಿಗೆ ಕಳಿಸುವುದು ಬೇಡ. ಊರಿನಿಂದ ಗೆಳೆಯನಿಗೆಂದು ಒಯ್ಯುವವರಿಗೂ ಇದೇ ಮಾತು.

ಎರಡನೆಯದು ವಿಡಿಯೋ ಕಾಲ್. ದಿನವಿಡೀ ಸ್ಟಿಯರಿಂಗ್ ಹಿಡಿದು ಬಂದವನು ರಾತ್ರಿ ಕೋಣೆಯ ಮೇಲಿನ ಮಂಚದಲ್ಲಿ ಎರಡು ದಿಂಬು ಮಡಚಿ ತಲೆಯ ಕೆಳಗಿಟ್ಟು, ಕುತ್ತಿಗೆ ಬಗ್ಗಿಸಿಕೊಂಡು ಒಂದು ಗಂಟೆ ಮಾತನಾಡುತ್ತಾನೆ. ನಮಗೆ ಇಲ್ಲಿಂದ ಕಾಣುವುದು ಅವನ ಮುಖ ಮಾತ್ರ. "ಎದ್ದು ಕೂತು ಮಾತಾಡು" ಎಂದು ಹೆಂಡತಿಯೋ ಉಮ್ಮನೋ ಹೇಳಬಹುದಲ್ಲ? ಹಣ ಬಂತೋ ಎಂದು ಕೇಳುವ ನಾವು, ನೋವು ಹೇಗಿದೆ, ಡಾಕ್ಟರಿಗೆ ತೋರಿಸಿದೆಯಾ ಎಂದೂ ಕೇಳಬೇಕು. ಅವನು ಹೇಳದಿರುವುದಕ್ಕೆ ಕಾರಣ ಉಂಟು. ರಜೆ ಕೇಳಿದರೆ ಕೆಲಸ ಹೋದೀತು, ಮನೆಯವರು ಹೆದರಿಯಾರು ಎಂಬ ಚಿಂತೆ. ಯುಎಇಯ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವನಿಗೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯದ ರಜೆ ಇದೆ, ಮೊದಲ 15 ದಿನ ಪೂರ್ಣ ಸಂಬಳದೊಂದಿಗೆ. ವೈದ್ಯರ ಪತ್ರ ಬೇಕು, ಅಷ್ಟೇ.

ದೀನಿನ ದೃಷ್ಟಿಯಿಂದಲೂ ಒಂದು ವಿಷಯ ಹೇಳಬೇಕು. ಸಲಾಮಿನಲ್ಲಿ ಮುಖ ತಿರುಗಿಸುವುದು ನಮ್ಮ ಶಾಫಿಈ ಮದ್‌ಹಬಿನಲ್ಲಿ ಸುನ್ನತ್. ಆಗದವನ ನಮಾಝಿಗೆ ತೊಂದರೆ ಇಲ್ಲ. ರೋಗಿಗೆ ಶರೀಅತ್ ಇಷ್ಟು ವಿನಾಯಿತಿ ಕೊಟ್ಟಿರುವಾಗ, ನಾವು ನಮ್ಮ ಶರೀರಕ್ಕೆ ಯಾಕೆ ವಿನಾಯಿತಿ ಕೊಡುವುದಿಲ್ಲ? ಶರೀರಕ್ಕೂ ನಮ್ಮ ಮೇಲೆ ಹಕ್ಕುಂಟು, ರೋಗಕ್ಕೆ ಮದ್ದು ಮಾಡಬೇಕು ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ನೋವು ಸಹಿಸುವುದು ಸಬ್ರ್ ಹೌದು. ಚಿಕಿತ್ಸೆ ಕೈಯಳತೆಯಲ್ಲಿದ್ದೂ ಬಿಡುವುದನ್ನು ಸಬ್ರ್ ಎಂದು ಕರೆಯಬಾರದು.

ಕೊನೆಗೆ ಗಲ್ಫಿನಲ್ಲಿರುವ ನಮ್ಮ ಜಮಾಅತ್ ಸಮಿತಿಗಳಿಗೆ ಒಂದು ವಿನಂತಿ. ಯಾರಾದರೂ ಅಲ್ಲಿ ಮರಣ ಹೊಂದಿದರೆ ರಾತ್ರೋರಾತ್ರಿ ಕಾಗದಪತ್ರ ಮಾಡಿಸಿ ಮಯ್ಯಿತ್ ಊರಿಗೆ ಕಳಿಸುವವರು ನೀವು. ಅಲ್ಲಾಹನು ಅದಕ್ಕೆ ಪ್ರತಿಫಲ ನೀಡಲಿ. ಅದೇ ಶ್ರಮದ ಒಂದು ಪಾಲನ್ನು ಬದುಕಿರುವವರಿಗೂ ಕೊಡಿ. ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಕೂತು ವಿಮೆಯ ಕಾರ್ಡನ್ನು ಓದಿ ಹೇಳಿಕೊಡಿ. ಯಾವ ಕ್ಲಿನಿಕ್ಕಿಗೆ ಹೋಗಬೇಕು, ಒಪ್ಪಿಗೆ ಹೇಗೆ ಕೇಳಬೇಕು ಎಂದು ಹೊಸದಾಗಿ ಬಂದ ಹುಡುಗರಿಗೆ ತಿಳಿಸಿ. ಮೊದಲ ಸಲ ಒಬ್ಬರು ಜೊತೆಗೆ ಹೋದರೆ ಎರಡನೆಯ ಸಲ ಅವನೇ ಹೋಗುತ್ತಾನೆ.

ಆ ಯುವಕ ಮೊನ್ನೆ ಫೋನ್ ಮಾಡಿದ್ದ. ಕಾರ್ಡ್ ತೋರಿಸಿ ಮೂರು ಸಲ ಹೋಗಿ ಬಂದನಂತೆ. "ಪೂರ್ತಿ ಹೋಗಲಿಲ್ಲ ಉಸ್ತಾದ್, ಆದರೆ ಗಾಡಿ ಹಿಂದೆ ತೆಗೆಯುವಾಗ ಈಗ ತಿರುಗಿ ನೋಡಲಿಕ್ಕೆ ಆಗ್ತದೆ" ಅಂದ. ದೂರದಲ್ಲಿ ದುಡಿಯುವ ನಮ್ಮ ಎಲ್ಲ ಮಕ್ಕಳಿಗೂ ಅಲ್ಲಾಹನು ಆಫಿಯತ್ ನೀಡಲಿ, ಆಮೀನ್.