ಬಿಗಿ ಎಲ್ಲಿದೆ ಎಂದು ಮೊದಲು ಹುಡುಕಿ
ಬೋರನಕಣಿವೆ, ಹುಳಿಯಾರು, ತಿಪಟೂರಿನ ಕಡೆ ತೆಂಗಿನ ತೋಟದ ಮನೆಗಳಲ್ಲಿ ನಿಂತುಹೋದ ಅಂಬಾಸಿಡರ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಈ ಮಾತು. 2014ರಲ್ಲಿ ತಯಾರಿಕೆ ನಿಂತ ಈ ಕಾರಿನಲ್ಲಿ ಗೇರ್‌ಬಾಕ್ಸ್ ಮುಂದೆ, ಡಿಫರೆನ್ಷಿಯಲ್ ಹಿಂದಿನ ಆಕ್ಸಲ್‌ನಲ್ಲಿ. ಹೊಸ ಬೇರಿಂಗ್ ಹಾಕಿ ಜೋಡಿಸಿದ ಮೇಲೆ ಡಿಫರೆನ್ಷಿಯಲ್ ಕೈಯಲ್ಲಿ ತಿರುಗಿಸುವಾಗ ಬಿಗಿ ಎನಿಸಿದರೆ, ‘ಓಡಿಸ್ತಾ ಓಡಿಸ್ತಾ ಸಡಿಲ ಆಗುತ್ತೆ’ ಎಂಬ ಸಲಹೆಯನ್ನು ನಂಬಬೇಡಿ. ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು ತಿರುಗಿಸುವ ಪಿನಿಯನ್ನಿನ ಟೇಪರ್ ರೋಲರ್ ಬೇರಿಂಗ್‌ಗಳು ತುಸು ಒತ್ತಡದಲ್ಲೇ ಕೂರಬೇಕು. ಹಾಗಾಗಿ ಸುತ್ತಿನುದ್ದಕ್ಕೂ ಒಂದೇ ಸಮನಾದ ಅಲ್ಪ ಬಿಗಿ ಸಹಜ. ಅದು ಅತಿಯಾದರೆ ಬೇರಿಂಗ್ ಕಾದು ಕೆಡುತ್ತದೆ. ಹಾಗಿದ್ದರೆ ಶಿಮ್ ಎಂಬ ತೆಳು ಬಿಲ್ಲೆಗಳ ಲೆಕ್ಕ ತಪ್ಪಿದೆ ಎಂದೇ ತಿಳಿಯಿರಿ. ಕ್ರೌನ್ ವೀಲ್ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಹಿಡಿದರೆ, ಅದು ವಾಲಿರಬಹುದು, ಇಲ್ಲವೇ ಅದು ಕೂರುವ ಮುಖದಲ್ಲಿ ಕಸ ಸಿಕ್ಕಿರಬಹುದು. ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿದಾಗ ಮಾತ್ರ ಬಿಗಿಯಿದ್ದರೆ, ಒಳಗಿನ ಸಣ್ಣ ಗೇರುಗಳ ಥ್ರಸ್ಟ್ ವಾಷರ್ ದಪ್ಪವಾಗಿದೆಯೇ ನೋಡಿ. ಮೊದಲು ಪಿನಿಯನ್ ಒಂದನ್ನೇ ಕೂರಿಸಿ ತಿರುಗಿಸಿ, ಆಮೇಲೆ ಕ್ರೌನ್ ವೀಲ್ ಸೇರಿಸಿ. ದೋಷ ಯಾವ ಹಂತದಲ್ಲಿ ಬಂತೆಂಬುದು ಆಗಲೇ ತಿಳಿಯುತ್ತದೆ. ಬೇರಿಂಗ್ ಕ್ಯಾಪ್‌ಗಳ ಎಡಬಲ ಅದಲುಬದಲಾಗದಂತೆ ಬಿಚ್ಚುವಾಗಲೇ ಗುರುತು ಹಾಕಿ. ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜ್ ಇಟ್ಟೇ ಅಳೆಯಿರಿ. ಸಂದೇ ಇಲ್ಲದಿದ್ದರೆ ಹಲ್ಲು ಉಜ್ಜಿ ಸವೆಯುತ್ತದೆ. ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಅಳೆಯುವ ತಾಳ್ಮೆಯೇ ಈ ಕೆಲಸದ ಮುಖ್ಯ ಸಲಕರಣೆ. ಅದಿರುವ ಮೇಸ್ತ್ರಿಗೇ ಕಾರು ಒಪ್ಪಿಸಿ, ಅವಸರ ಮಾಡಬೇಡಿ.