ದಡಾರ–ರುಬೆಲ್ಲಾ ಲಸಿಕೆ: ಸಾಮಾಜಿಕ ಮಾಧ್ಯಮಗಳಲ್ಲಿನ ತಪ್ಪು ಸಂದೇಶಗಳು ಮತ್ತು ವಾಸ್ತವಾಂಶಗಳು

ಪೀಠಿಕೆ

ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಮತ್ತು ಪುನಃ 16ರಿಂದ 24 ತಿಂಗಳ ಅವಧಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಉಚಿತವಾಗಿ ನೀಡಲಾಗುತ್ತದೆ. ಈ ಲಸಿಕೆಯ ಬಗ್ಗೆ ಮೊಬೈಲ್ ದೂರವಾಣಿಗಳ ಮೂಲಕ ಹರಡುವ ಸಂದೇಶಗಳನ್ನು ನಂಬಿ ಕೆಲವು ಪೋಷಕರು ಲಸಿಕೆಯನ್ನು ಮುಂದೂಡುವುದುಂಟು. ಇಂತಹ ಪೋಷಕರನ್ನು ಅಜ್ಞಾನಿಗಳೆಂದು ಭಾವಿಸುವುದು ಸರಿಯಲ್ಲ. ಮಗುವಿನ ಮೇಲಿನ ಕಾಳಜಿಯೇ ಅವರ ಭಯಕ್ಕೆ ಕಾರಣ. ತಪ್ಪು ಸಂದೇಶಗಳು ಬಳಸಿಕೊಳ್ಳುವುದೂ ಅದೇ ಕಾಳಜಿಯನ್ನು.

ಸದರಿ ಸಂದೇಶಗಳನ್ನು ಪರಿಶೀಲಿಸಿದಲ್ಲಿ ಒಂದು ಅಂಶ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಹಲವು ಪೂರ್ಣ ಸುಳ್ಳಲ್ಲ. ಒಂದು ಸಣ್ಣ ಸತ್ಯಾಂಶವನ್ನು ತೆಗೆದುಕೊಂಡು, ಅದರ ಜೊತೆಗಿರಬೇಕಾದ ಉಳಿದ ಲೆಕ್ಕವನ್ನು ಕೈಬಿಟ್ಟಿರುತ್ತವೆ. ಆದ್ದರಿಂದ ಅವುಗಳನ್ನು ಕೇವಲ ಅಲ್ಲಗಳೆದರೆ ಸಾಲದು, ಕೈಬಿಟ್ಟ ಲೆಕ್ಕವನ್ನು ಸಾರ್ವಜನಿಕರ ಮುಂದಿಡುವುದು ಅವಶ್ಯಕವಾಗಿದೆ.

ಹಿನ್ನೆಲೆ

2017ರ ಫೆಬ್ರವರಿಯಲ್ಲಿ ದೇಶದ ದಡಾರ–ರುಬೆಲ್ಲಾ ಲಸಿಕಾ ಅಭಿಯಾನದ ಮೊದಲ ಹಂತವು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಆರಂಭವಾಯಿತು. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳು ಅಭಿಯಾನದ ವ್ಯಾಪ್ತಿಗೆ ಒಳಪಟ್ಟಿದ್ದರು. ಶಾಲೆಗಳಲ್ಲಿಯೇ ಲಸಿಕೆ ನೀಡುವ ವ್ಯವಸ್ಥೆ ಇದ್ದುದರಿಂದ, ಶಾಲಾ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳೇ ವದಂತಿಗಳ ಹಾದಿಯಾದವು. ಲಸಿಕೆಯಿಂದ ಸಂತಾನಹೀನತೆ ಉಂಟಾಗುತ್ತದೆ, ಆಟಿಸಂ ಬರುತ್ತದೆ, ಇದು ಮಕ್ಕಳ ಮೇಲೆ ನಡೆಯುತ್ತಿರುವ ಪ್ರಯೋಗ ಎಂಬಿತ್ಯಾದಿ ಸಂದೇಶಗಳು ಹರಡಿದವು. ಅದೇ ವರ್ಷ ಕೇರಳದಲ್ಲಿ ಅಭಿಯಾನ ನಡೆದಾಗ ಮಲಪ್ಪುರಂ ಜಿಲ್ಲೆಯಲ್ಲಿಯೂ ಇದೇ ಬಗೆಯ ವಿರೋಧ ವ್ಯಕ್ತವಾಯಿತು. ಅಭಿಯಾನ ಮುಗಿದು ವರ್ಷಗಳು ಕಳೆದಿದ್ದರೂ ಈ ಆರೋಪಗಳು ಹೊಸ ಚಿತ್ರ, ಹೊಸ ಧ್ವನಿಮುದ್ರಣಗಳೊಂದಿಗೆ ಮರಳಿ ಬರುತ್ತಿರುವುದರಿಂದ ಪ್ರಮುಖವಾದ ಐದನ್ನು ಈ ಕೆಳಗೆ ವಿಶ್ಲೇಷಿಸಲಾಗಿದೆ.

ಸಂದೇಶ 1: "ದಡಾರ ಬಾಲ್ಯದಲ್ಲಿ ಎಲ್ಲರಿಗೂ ಬಂದು ಹೋಗುವ ಕಾಯಿಲೆ. ಲಸಿಕೆಯ ಅಗತ್ಯವಿಲ್ಲ"

ಉತ್ತರ ಕರ್ನಾಟಕದ ಕೆಲವೆಡೆ ಗೊಬ್ಬರ ಎಂದೂ ಕರೆಯಲ್ಪಡುವ ದಡಾರವು ಹಿಂದಿನ ತಲೆಮಾರಿನ ಬಹುತೇಕ ಮಕ್ಕಳಿಗೆ ಬಂದಿತ್ತೆಂಬುದು ನಿಜ. ಆದರೆ ಬಂದು ಹೋದ ಮಕ್ಕಳ ನೆನಪು ಮನೆಗಳಲ್ಲಿ ಉಳಿದಿದೆ, ದಡಾರದ ನಂತರ ನ್ಯುಮೋನಿಯಾ, ಭೇದಿ ಅಥವಾ ಮೆದುಳಿನ ಉರಿಯೂತದಿಂದ ಮೃತಪಟ್ಟ ಮಕ್ಕಳ ಲೆಕ್ಕ ಉಳಿದಿಲ್ಲ. ದಡಾರ ತಗುಲಿದ ಸುಮಾರು 20 ಮಕ್ಕಳಲ್ಲಿ ಒಂದು ಮಗುವಿಗೆ ನ್ಯುಮೋನಿಯಾ, ಸುಮಾರು ಸಾವಿರದಲ್ಲಿ ಒಂದು ಮಗುವಿಗೆ ಮೆದುಳಿನ ಉರಿಯೂತ ಉಂಟಾಗುತ್ತದೆ. ಅಪೌಷ್ಟಿಕತೆ ಹಾಗೂ 'ಎ' ಜೀವಸತ್ವದ ಕೊರತೆಯುಳ್ಳ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು, ದೃಷ್ಟಿ ನಾಶವಾಗುವ ಸಾಧ್ಯತೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ದಡಾರದಿಂದ ಸುಮಾರು 1,07,500 ಮಂದಿ ಮೃತಪಟ್ಟಿದ್ದು, ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

ರೋಗಿಯು ಕೊಠಡಿಯಿಂದ ಹೊರಹೋದ ನಂತರವೂ ಎರಡು ಗಂಟೆಗಳವರೆಗೆ ವೈರಾಣು ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆ ಇಲ್ಲದ ಹತ್ತು ಮಂದಿ ರೋಗಿಯ ಸಮೀಪ ಸಂಪರ್ಕಕ್ಕೆ ಬಂದಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ತಗುಲುತ್ತದೆ. ಈ ಕಾರಣದಿಂದಲೇ ಪ್ರತಿ ಊರಿನಲ್ಲಿ ಕನಿಷ್ಠ ಶೇ. 95ರಷ್ಟು ಮಕ್ಕಳು ಎರಡೂ ಡೋಸ್ ಪಡೆದಿರಬೇಕೆಂದು ನಿಗದಿಪಡಿಸಲಾಗಿದೆ. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ಉಳಿದವರ ಲಸಿಕೆಯೇ ರಕ್ಷಣೆ.

ಸಂದೇಶ 2: "ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ"

ಇದು ಹಳೆಯ ವದಂತಿ. ಪೋಲಿಯೊ ಹನಿಗಳ ಬಗ್ಗೆಯೂ ಇದೇ ಮಾತು ಉತ್ತರ ಪ್ರದೇಶ ಮೊದಲಾದೆಡೆ ಹರಡಿತ್ತು. 1995ರಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದಾಗ ಹನಿ ಹಾಕಿಸಿಕೊಂಡ ಮಕ್ಕಳು ಇಂದು ಮೂವತ್ತರ ಆಸುಪಾಸಿನ ವಯಸ್ಸಿನವರಾಗಿದ್ದಾರೆ. ಇಂದು ತಮ್ಮ ಮಕ್ಕಳನ್ನು ಲಸಿಕೆಗೆ ಕರೆತರುತ್ತಿರುವ ತಾಯಿ ತಂದೆಯರಲ್ಲಿ ಅನೇಕರು ಅದೇ ತಲೆಮಾರಿನವರು. ಆ ವದಂತಿಗೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ. 2011ರ ಜನವರಿಯ ನಂತರ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಾಣುವಿನ ಪ್ರಕರಣ ವರದಿಯಾಗಿಲ್ಲ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು.

ರುಬೆಲ್ಲಾ ವಿಷಯದಲ್ಲಂತೂ ವಾಸ್ತವವು ವದಂತಿಗೆ ತದ್ವಿರುದ್ಧವಾಗಿದೆ. ರುಬೆಲ್ಲಾ ಮಕ್ಕಳಲ್ಲಿ ಸಾಮಾನ್ಯವಾಗಿ ಸೌಮ್ಯ ಜ್ವರ ಮತ್ತು ದದ್ದುಗಳಾಗಿ ಕಾಣಿಸಿಕೊಂಡು ಹೋಗುತ್ತದೆ. ಆದರೆ ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಗರ್ಭಪಾತ, ಮೃತ ಶಿಶು ಜನನ ಅಥವಾ ಶಿಶುವಿನಲ್ಲಿ ಹುಟ್ಟು ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷಗಳು ಉಂಟಾಗುತ್ತವೆ. ಇಂದು ಲಸಿಕೆ ಪಡೆಯುವ ಹೆಣ್ಣುಮಗುವಿಗೆ ಇಪ್ಪತ್ತು ವರ್ಷಗಳ ನಂತರದ ಬಸಿರಿನ ರಕ್ಷಣೆಯೂ ಅದರಿಂದಲೇ ದೊರೆಯುತ್ತದೆ. ತಾಯ್ತನವನ್ನು ಕಾಯುವ ಲಸಿಕೆಯನ್ನೇ ತಾಯ್ತನದ ಶತ್ರುವೆಂದು ಬಿಂಬಿಸಿರುವುದು ವಿಷಾದನೀಯ.

ಸಂದೇಶ 3: "ಲಸಿಕೆಯಿಂದ ಆಟಿಸಂ ಬರುತ್ತದೆಂದು ವಿದೇಶಿ ವೈದ್ಯರೇ ಸಾಬೀತುಪಡಿಸಿದ್ದಾರೆ"

ಈ ಆರೋಪದ ಮೂಲ 1998ರಲ್ಲಿ ಬ್ರಿಟನ್ನಿನ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನ. ಅದರಲ್ಲಿ ಪರಿಶೀಲಿಸಿದ ಮಕ್ಕಳ ಸಂಖ್ಯೆ ಕೇವಲ 12. ಲೇಖನ ಪ್ರಕಟವಾಯಿತೆಂಬುದು ಸತ್ಯ, ಮುಂದಿನ ಭಾಗವನ್ನು ಸಂದೇಶಗಳು ತಿಳಿಸುವುದಿಲ್ಲ. ಲೇಖನದಲ್ಲಿ ಗಂಭೀರ ದೋಷಗಳು ಕಂಡುಬಂದ ಕಾರಣ 2010ರ ಫೆಬ್ರವರಿಯಲ್ಲಿ ಪತ್ರಿಕೆಯು ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಅವರ ಹೆಸರನ್ನು ಬ್ರಿಟನ್ನಿನ ವೈದ್ಯರ ನೋಂದಣಿ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಳ ಕಾಲ ಅನುಸರಿಸಿ 2019ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ ದಡಾರ, ಮಂಗನಬಾವು ಮತ್ತು ರುಬೆಲ್ಲಾ ಲಸಿಕೆಯಿಂದ ಆಟಿಸಂ ಹೆಚ್ಚಾಗಿಲ್ಲವೆಂದು ದೃಢಪಟ್ಟಿದೆ.

ಹಾಗಿದ್ದರೂ ಕೆಲವು ಪೋಷಕರಿಗೆ ಸಂಬಂಧವಿರುವಂತೆ ತೋರುವುದೇಕೆ? ಮಾತು ತಡವಾಗುವುದು, ಕರೆದರೆ ತಿರುಗಿ ನೋಡದಿರುವುದು ಮುಂತಾದ ಆಟಿಸಂ ಲಕ್ಷಣಗಳು ಸಾಮಾನ್ಯವಾಗಿ ಪೋಷಕರ ಗಮನಕ್ಕೆ ಬರುವುದು ಎರಡನೇ ಡೋಸ್ ನೀಡುವ ವಯಸ್ಸಿನಲ್ಲಿಯೇ. ಒಂದರ ನಂತರ ಇನ್ನೊಂದು ಕಂಡ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ.

ಸಂದೇಶ 4: "ಲಸಿಕೆ ಪಡೆದ ಮಕ್ಕಳಿಗೇ ದಡಾರ ಬಂದಿದೆ"

ಇದು ಸತ್ಯವೂ ಆಗಿರಬಹುದು. ಎರಡು ಡೋಸ್ ಪಡೆದ ನೂರು ಮಕ್ಕಳಲ್ಲಿ ಸುಮಾರು 97 ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ, ಮೂವರಿಗೆ ದೊರೆಯದಿರಬಹುದು. ಉದಾಹರಣೆಗೆ, 500 ಮಕ್ಕಳಿರುವ ಒಂದು ಶಾಲೆಯಲ್ಲಿ 475 ಮಕ್ಕಳು ಎರಡೂ ಡೋಸ್ ಪಡೆದಿದ್ದು, 25 ಮಕ್ಕಳು ಪಡೆದಿಲ್ಲವೆಂದು ಭಾವಿಸೋಣ. ರೋಗ ಶಾಲೆಯೆಲ್ಲ ಹರಡಿದಲ್ಲಿ ಲಸಿಕೆ ಪಡೆದವರಲ್ಲಿ ಸುಮಾರು 14 ಮಕ್ಕಳಿಗೆ, ಪಡೆಯದವರಲ್ಲಿ ಸುಮಾರು 22 ಮಕ್ಕಳಿಗೆ ರೋಗ ಬರಬಹುದು. "ಲಸಿಕೆ ಪಡೆದ 14 ಮಕ್ಕಳಿಗೆ ದಡಾರ" ಎಂಬ ಸಂದೇಶ ಸುಳ್ಳಲ್ಲ. ಆದರೆ 475ರಲ್ಲಿ 14 ಮತ್ತು 25ರಲ್ಲಿ 22 ಎಂಬುದು ಪೂರ್ಣ ಲೆಕ್ಕ. ಮೊದಲನೆಯದು ಶೇ. 3, ಎರಡನೆಯದು ಶೇ. 88. ಒಟ್ಟು ಸಂಖ್ಯೆಯನ್ನು ತಿಳಿಸದ ಯಾವುದೇ ಅಂಕಿಯನ್ನು ಅಪೂರ್ಣವೆಂದೇ ಪರಿಗಣಿಸತಕ್ಕದ್ದು.

ಸಂದೇಶ 5: "ಲಸಿಕೆ ಹಾಕಿದ ಮೇಲೆ ಮಕ್ಕಳು ಅಸ್ವಸ್ಥರಾದರು. ಸರ್ಕಾರ ಮುಚ್ಚಿಡುತ್ತಿದೆ"

ಲಸಿಕೆಯಿಂದ ಯಾವ ತೊಂದರೆಯೂ ಆಗುವುದಿಲ್ಲವೆಂದು ಹೇಳುವುದು ವಾಸ್ತವಕ್ಕೆ ದೂರವಾಗುತ್ತದೆ. ಚುಚ್ಚಿದ ಜಾಗದಲ್ಲಿ ನೋವು, ಆರರಿಂದ ಹನ್ನೆರಡು ದಿನಗಳ ನಡುವೆ ಜ್ವರ, ಕೆಲವರಲ್ಲಿ ಸೌಮ್ಯ ದದ್ದು ಕಾಣಿಸಿಕೊಳ್ಳಬಹುದು. ಇವು ತಾವಾಗಿಯೇ ಕಡಿಮೆಯಾಗುತ್ತವೆ. ಜ್ವರದಿಂದ ಫಿಟ್ಸ್ ಬರುವುದು ವಿರಳ. ತೀವ್ರ ಅಲರ್ಜಿ ಅತಿ ವಿರಳವಾಗಿದ್ದು, ಹತ್ತು ಲಕ್ಷ ಡೋಸ್‌ಗಳಲ್ಲಿ ಕೆಲವೇ ಪ್ರಕರಣಗಳು ಕಂಡುಬರುತ್ತವೆ. ಅದು ಸಾಮಾನ್ಯವಾಗಿ ಲಸಿಕೆಯಾದ ಕೆಲವೇ ನಿಮಿಷಗಳಲ್ಲಿ ಗೋಚರಿಸುವುದರಿಂದ ಅರ್ಧ ಗಂಟೆ ಕೇಂದ್ರದಲ್ಲಿಯೇ ಇರುವಂತೆ ಸೂಚಿಸಲಾಗುತ್ತದೆ. ಲಸಿಕೆಯ ನಂತರದ ಗಂಭೀರ ಘಟನೆಗಳನ್ನು ವರದಿ ಮಾಡಿ ತನಿಖೆಗೊಳಪಡಿಸಲು ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟದ ಸಮಿತಿಗಳಿವೆ. ತಮ್ಮ ಮಗುವಿಗೆ ಆದ ತೊಂದರೆಯನ್ನು ವರದಿ ಮಾಡುವಂತೆ ಒತ್ತಾಯಿಸುವುದು ಪೋಷಕರ ಹಕ್ಕು.

ನಂಬಿಕೆ ಕುಸಿದಾಗ: ಸಮೋವಾದ ಅನುಭವ

ಪಾರದರ್ಶಕತೆ ಏಕೆ ಮುಖ್ಯವೆಂಬುದಕ್ಕೆ ಪೆಸಿಫಿಕ್ ಸಾಗರದ ಸಮೋವಾ ದೇಶದ ಅನುಭವ ನಿದರ್ಶನವಾಗಿದೆ. ಅಲ್ಲಿನ ಜನಸಂಖ್ಯೆ ಸುಮಾರು ಎರಡು ಲಕ್ಷ. 2018ರ ಜುಲೈನಲ್ಲಿ ಲಸಿಕೆ ಪಡೆದ ಎರಡು ಶಿಶುಗಳು ಮೃತಪಟ್ಟವು. ಲಸಿಕೆಯ ಪುಡಿಯನ್ನು ಕರಗಿಸಲು ನಿಗದಿತ ದ್ರಾವಕದ ಬದಲು ಬೇರೊಂದು ಔಷಧಿಯನ್ನು ದಾದಿಯರು ಬೆರೆಸಿದ್ದುದು ಸಾವಿಗೆ ಕಾರಣವಾಗಿತ್ತು. ದೋಷವು ಲಸಿಕೆಯದಾಗಿರಲಿಲ್ಲ, ಸಿಬ್ಬಂದಿಯದಾಗಿತ್ತು. ಆದರೆ ಲಸಿಕಾ ಕಾರ್ಯಕ್ರಮವನ್ನು ತಿಂಗಳುಗಳ ಕಾಲ ಸ್ಥಗಿತಗೊಳಿಸಲಾಯಿತು. ಆ ತೆರವಿನಲ್ಲಿ ಲಸಿಕೆ ವಿರೋಧಿ ಪ್ರಚಾರ ಸಾಮಾಜಿಕ ಮಾಧ್ಯಮಗಳಲ್ಲಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶಿಶುಗಳ ದಡಾರ ಲಸಿಕೆಯ ಪ್ರಮಾಣ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು.

2019ರ ಕೊನೆಯಲ್ಲಿ ದಡಾರ ಕಾಲಿಟ್ಟಿತು. 5,700ಕ್ಕೂ ಹೆಚ್ಚು ಮಂದಿ ರೋಗಕ್ಕೆ ತುತ್ತಾದರು, 83 ಮಂದಿ ಮೃತಪಟ್ಟರು. ಮೃತರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್ 5 ಮತ್ತು 6ರಂದು ಸರ್ಕಾರಿ ಕಚೇರಿಗಳನ್ನು ಮುಚ್ಚಿ ನೌಕರರನ್ನು ಮನೆ ಮನೆ ಲಸಿಕೆಗೆ ನಿಯೋಜಿಸಲಾಯಿತು. ಲಸಿಕೆ ಪಡೆಯದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟುವಂತೆ ಸೂಚಿಸಲಾಯಿತು. ಎರಡು ಶಿಶುಗಳ ಸಾವಿಗೆ ಕಾರಣವಾದ ತಪ್ಪು ಕ್ಷಮಾರ್ಹವಲ್ಲ. ಆದರೆ ಆ ತಪ್ಪಿನ ಮೇಲೆ ಬೆಳೆದ ಭಯದ ಬೆಲೆಯನ್ನು ತೆತ್ತವರು ಸಂದೇಶ ಹರಡಿದವರಲ್ಲ, ತಮ್ಮ ಪರವಾಗಿ ನಿರ್ಧಾರ ಮಾಡಲಾಗದ ಮಕ್ಕಳು.

ಈ ಅನುಭವದಿಂದ ಆಡಳಿತವೂ ಕಲಿಯಬೇಕಾದುದಿದೆ. ಲಸಿಕಾ ಕೇಂದ್ರದಲ್ಲಿ ನಿಗದಿತ ದ್ರಾವಕವನ್ನೇ ಬಳಸುವುದು, ದ್ರಾವಕ ಬೆರೆಸಿದ ಲಸಿಕೆಯನ್ನು ನಾಲ್ಕು ಗಂಟೆಯೊಳಗೆ ಉಪಯೋಗಿಸುವುದು, ಪ್ರತಿ ಮಗುವಿಗೂ ಮರುಬಳಕೆಯಾಗದ ಹೊಸ ಸಿರಿಂಜ್ ಬಳಸುವುದು ಕಡ್ಡಾಯ ಕ್ರಮಗಳು. ಈ ಬಗ್ಗೆ ಸಿಬ್ಬಂದಿಯನ್ನು ವಿಚಾರಿಸುವ ಪೋಷಕರಿಗೆ ಸಮಾಧಾನದಿಂದ ಉತ್ತರಿಸುವುದು ಕರ್ತವ್ಯದ ಭಾಗವೇ ಆಗಿದೆ. ಉತ್ತರ ದೊರೆಯದ ಪ್ರಶ್ನೆಯೇ ಮುಂದೆ ವದಂತಿಯಾಗುತ್ತದೆ.

ಸಂದೇಶ ಬಂದಾಗ ಪರಿಶೀಲಿಸಬೇಕಾದ ಅಂಶಗಳು

1. ಸಂದೇಶದಲ್ಲಿ ದಿನಾಂಕ, ಊರು ಮತ್ತು ಆಸ್ಪತ್ರೆಯ ಹೆಸರು ಇದೆಯೇ? "ಪ್ರಸಿದ್ಧ ವೈದ್ಯರೊಬ್ಬರು" ಎಂದಷ್ಟೇ ಇದ್ದಲ್ಲಿ ಅದನ್ನು ಆಧಾರವೆಂದು ಪರಿಗಣಿಸಬಾರದು.

2. ನೀಡಿರುವ ಅಂಕಿ ಎಷ್ಟು ಜನರಲ್ಲಿ ಎಂಬುದನ್ನು ತಿಳಿಸಿದೆಯೇ?

3. ಚಿತ್ರ ಅಥವಾ ವೀಡಿಯೊ ಬೇರೆ ವರ್ಷದ, ಬೇರೆ ದೇಶದ ಘಟನೆಗೆ ಸೇರಿದ್ದಾಗಿರಬಹುದೇ?

4. "ತಕ್ಷಣ ಎಲ್ಲರಿಗೂ ಕಳುಹಿಸಿ" ಎಂಬ ಒತ್ತಾಯವಿದೆಯೇ? ಇದ್ದಲ್ಲಿ ಹೆಚ್ಚು ಎಚ್ಚರ ವಹಿಸತಕ್ಕದ್ದು. ವಾಟ್ಸ್‌ಆ್ಯಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಸಂದೇಶ ರವಾನಿಸುವ ಮಿತಿಯನ್ನು ವಿಧಿಸಿತು. 2020ರಲ್ಲಿ, ಬಹಳ ಬಾರಿ ರವಾನೆಯಾದ ಸಂದೇಶಗಳಿಗೆ ಒಮ್ಮೆಗೆ ಒಂದೇ ಕಡೆ ಎಂಬ ಮಿತಿಯನ್ನು ತಂದಿತು. ಅಂತಹ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ.

5. ಕಳುಹಿಸಿದವರು ಪರಿಚಿತರೆಂಬುದು ಸಂದೇಶ ಸತ್ಯವೆಂಬುದಕ್ಕೆ ಆಧಾರವಲ್ಲ. ಅವರಿಗೂ ಅದು ಬೇರೆಯವರಿಂದಲೇ ಬಂದಿರುತ್ತದೆ.

ಪೋಷಕರ ಗಮನಕ್ಕೆ

ಲಸಿಕೆಯು ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಹಾಗೂ ನಿಗದಿತ ದಿನಗಳಂದು ಅಂಗನವಾಡಿಗಳಲ್ಲಿ ದೊರೆಯುತ್ತದೆ. ತಾಯಿ ಕಾರ್ಡ್ ತರುವುದು ಸೂಕ್ತ. ಕಾರ್ಡ್ ಕಳೆದುಹೋಗಿದೆ ಎಂಬ ಕಾರಣಕ್ಕೆ ಲಸಿಕೆಯನ್ನು ಮುಂದೂಡಬಾರದು. ನಿಗದಿತ ವಯಸ್ಸಿನಲ್ಲಿ ಡೋಸ್ ತಪ್ಪಿದ್ದರೆ ಐದು ವರ್ಷದೊಳಗೆ ಪಡೆಯಲು ಅವಕಾಶವಿದೆ. ಸಾಮಾನ್ಯ ನೆಗಡಿ, ಸೌಮ್ಯ ಜ್ವರ ಲಸಿಕೆಗೆ ಅಡ್ಡಿಯಲ್ಲ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದ ಮಕ್ಕಳು ಮತ್ತು ರೋಗನಿರೋಧಕ ಶಕ್ತಿ ತೀವ್ರವಾಗಿ ಕುಂದಿರುವ ಮಕ್ಕಳ ವಿಷಯದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಗರ್ಭಿಣಿಯರಿಗೆ ಈ ಲಸಿಕೆಯನ್ನು ನೀಡಲಾಗುವುದಿಲ್ಲ. ಜ್ವರದೊಂದಿಗೆ ದದ್ದು ಕಾಣಿಸಿಕೊಂಡ ಮಗುವನ್ನು ಶಾಲೆಗೆ ಕಳುಹಿಸದೆ, ಮನೆಮದ್ದಿನಲ್ಲಿ ಕಾಲ ಕಳೆಯದೆ, ಆಶಾ ಕಾರ್ಯಕರ್ತೆಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯುವುದು.

ಮುಕ್ತಾಯ

ಸಂದೇಶವೊಂದನ್ನು ಮುಂದಕ್ಕೆ ಕಳುಹಿಸಲು ಒಂದು ಕ್ಷಣ ಸಾಕು. ಅದನ್ನು ನಂಬಿ ತಪ್ಪಿಸಿದ ಡೋಸ್‌ನ ಪರಿಣಾಮ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅದು ಕಳುಹಿಸಿದವರ ಮನೆಯಲ್ಲಿಯೇ ಕಾಣಿಸಿಕೊಳ್ಳಬೇಕೆಂದೂ ಇಲ್ಲ. ಸಂಶಯವಿದ್ದಲ್ಲಿ ಪೋಷಕರು ಆ ಸಂದೇಶವನ್ನು ಇತರರಿಗೆ ಕಳುಹಿಸುವ ಬದಲು ತಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ ವಿವರಣೆ ಪಡೆಯಬೇಕೆಂದು ಹಾಗೂ ಮಗುವಿನ ಎರಡೂ ಡೋಸ್‌ಗಳು ತಾಯಿ ಕಾರ್ಡಿನಲ್ಲಿ ದಾಖಲಾಗಿರುವುದನ್ನು ಇಂದೇ ಪರಿಶೀಲಿಸಿಕೊಳ್ಳಬೇಕೆಂದು ಕೋರಲಾಗಿದೆ.