ಇಲಿ ಒಂದೇ ಜಾತಿ ಅಲ್ಲ, ಮದ್ದೂ ಒಂದೇ ಅಲ್ಲ



ಕಳೆದ ಮುಂಗಾರಲ್ಲಿ ಭತ್ತ ಹೊಡೆ ಬಿಚ್ಚೋ ಹೊತ್ತಿಗೆ ನಮ್ಮ ನಾಲೆ ಕೆಳಗಿನ ಗದ್ದೆಗೆ ಇಲಿ ಬಿತ್ತು. ನಡು ಗದ್ದೆಯಲ್ಲಿ ಕುಡುಗೋಲು ಆಡಿಸಿದ ಹಾಗೆ ಪೈರು ಮಲಗಿತ್ತು. ಗಾಬರಿಯಲ್ಲಿ ಇಲಿ ಪಾಷಾಣ ತಂದು ನುಚ್ಚಿಗೆ ಕಲಸಿ ಬದು ಉದ್ದಕ್ಕೂ ಇಟ್ಟೆ. ಸತ್ತಿದ್ದು ನಾಲ್ಕು ಇಲಿ, ಜೊತೆಗೆ ಪಕ್ಕದ ಮನೆಯವರ ನಾಯಿ. ತಪ್ಪು ನನ್ನದೇ. ಆ ಮನೆ ಮುಂದೆ ಹಾದು ಹೋಗೋಕೆ ಈಗಲೂ ಮುಜುಗರ. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಬಂದಿರೋದು ಯಾವ ಇಲಿ ನೋಡಿ. ಬಿಲದ ಬಾಯಿಗೆ ಹೊಸ ಮಣ್ಣು ಗುಡ್ಡೆ ಹಾಕಿ ಮುಚ್ಚಿದ್ರೆ ಅದು ಗದ್ದೆ ಹೆಗ್ಗಣ. ತಿನ್ನೋದಲ್ಲದೆ ತೆನೆ ಕತ್ತರಿಸಿ ಒಳಗೆ ಕಣಜ ಮಾಡ್ಕೊಳ್ಳುತ್ತೆ. ಬದುವಿನಲ್ಲಿ ಬೆರಳು ಹೋಗೋವಷ್ಟು ತೂತಿದ್ರೆ ಚಿಟ್ಟಿಲಿ. ಹೊಲದ ಕಡೆ ಬಾಲದ ತುದಿಗೆ ಕುಚ್ಚು ಇರೋ ಇಲಿ ಬೇರೆ. ತೆಂಗಿನ ಸುಳಿಯಲ್ಲಿ ಗೂಡು ಕಟ್ಟೋದು ಮನೆ ಇಲಿ. ಅದಕ್ಕೆ ಬುಡದಲ್ಲಿ ಪಾಷಾಣ ಇಟ್ರೆ ಏನು ಬಂತು? ಆರಡಿ ಎತ್ತರದಲ್ಲಿ ಮರದ ಸುತ್ತ ತಗಡು ಸುತ್ತಬೇಕು. ಗರಿಗೆ ಗರಿ ತಾಗೋ ತೋಟದಲ್ಲಿ ಅದೂ ದಂಡ, ಮರದಿಂದ ಮರಕ್ಕೆ ಹೋಗುತ್ತೆ.

ಅಳಿಲು, ಮುಳ್ಳುಹಂದಿನೂ ಇದೇ ಬಳಗ. ಬಾಚಿಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಕಡಿದು ಸವೆಸಲೇಬೇಕು. ಆದರೆ ಮೂತಿ ಚೂಪಾಗಿ ನಾತ ಹೊಡೆಯೋ ಸುಂಡಿಲಿ ಈ ಬಳಗದ್ದಲ್ಲ. ಅದರ ಮುಖ್ಯ ಆಹಾರ ಹುಳ ಹುಪ್ಪಟೆ. ಅದನ್ನ ಕೊಂದ್ರೆ ನಮಗೇ ನಷ್ಟ.

ಪಾಷಾಣವೇ ಬೇಡ ಅಂತ ನಾನು ಹೇಳಲ್ಲ. ಆದರೆ ಇಲಿಗೆ ಅನುಮಾನ ಜಾಸ್ತಿ. ಒಂದ್ಸಲ ತಿಂದು ಹೊಟ್ಟೆ ಕೆಟ್ಟು ಬದುಕಿದ್ರೆ ಮತ್ತೆ ಮುಟ್ಟಲ್ಲ. ಎರಡು ದಿನ ಬರೀ ನುಚ್ಚು, ಎಣ್ಣೆ ಇಟ್ಟು ರೂಢಿ ಮಾಡಿಸಿ, ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್. ಬರಿಗೈಲಿ ಮುಟ್ಟಬೇಡಿ. ಪೊಟ್ಟಣ ಕಟ್ಟಿ ಬಿಲದ ಒಳಗಿಟ್ಟು ಮಣ್ಣು ಮುಚ್ಚಿ. ನನ್ನ ಹಾಗೆ ಬದು ಮೇಲೆ ಇಡಬೇಡಿ. ಈ ಪಾಷಾಣಕ್ಕೆ ಪ್ರತಿಮದ್ದಿಲ್ಲ. ಮನೇಲಿ ಮಕ್ಕಳಿರ್ತಾವೆ. ಸತ್ತ ಇಲಿ ಹೂಳಿ.

ನಾನು ಮಾಡಿದ ಇನ್ನೊಂದು ತಪ್ಪು ತಡ ಮಾಡಿದ್ದು. ಹೊಡೆ ಬಿಚ್ಚಿದ ಮೇಲೆ ಗದ್ದೆ ತುಂಬ ಹಾಲುಗಾಳು ಇರೋವಾಗ ನಮ್ಮ ನುಚ್ಚು ಯಾವ ಇಲಿಗೆ ಬೇಕು? ತೆಂಡೆ ಒಡೆಯೋ ಹೊತ್ತಿಗೇ ಮುಗಿಸಬೇಕು. ಅದಕ್ಕೂ ಮುಂಚೆ, ಕೆಸರು ಮಾಡುವಾಗಲೇ ದಪ್ಪ ಬದು ಕೆತ್ತಿ ಸಣ್ಣ ಮಾಡಿ ಬಿಲ ಅಗೆಯಬೇಕು. ದಪ್ಪ ಬದು ಅಂದ್ರೆ ಹೆಗ್ಗಣಕ್ಕೆ ನಾವೇ ಕಟ್ಟಿಕೊಟ್ಟ ಮನೆ.

ಒಬ್ಬರೇ ಮಾಡಿದ್ರೂ ಆಗಲ್ಲ. ನನ್ನ ಗದ್ದೆ ಖಾಲಿ ಆದ್ರೆ ನಿಮ್ಮದರಿಂದ ಬರುತ್ತೆ. ಮೂರು ವಾರಕ್ಕೆ ಮರಿ ಹಾಕೋ ಪ್ರಾಣಿ ಅದು.

ಇನ್ನೊಂದು ಮಾತು. ಕೇರೆ ಹಾವು ಕಂಡ್ರೆ ದೊಣ್ಣೆ ಹುಡುಕ್ತೀವಿ, ಗೂಗೆ ಕೂತ್ರೆ ಅಪಶಕುನ ಅಂತ ಓಡಿಸ್ತೀವಿ. ಹಾವು ಗೂಗೆ ನಂಬಿ ಬೆಳೆ ಕಳ್ಕೊಳ್ಳೋದಾ ಅಂತ ಕೇಳಬಹುದು. ಅವೇ ಎಲ್ಲ ಮುಗಿಸಲ್ಲ, ನಿಜ. ಆದರೆ ಕೂಲಿ ಕೇಳದೆ ವರ್ಷಪೂರ್ತಿ ದುಡಿಯೋರನ್ನ ನಾವೇ ಹೊಡೆದು, ಆಮೇಲೆ ಅಂಗಡಿಗೆ ಓಡೋದು ಯಾವ ಲೆಕ್ಕ?

ಈ ಸಲ ನಾಟಿ ಆದ ಮೇಲೆ ನಮ್ಮ ಬಯಲಿನವರೆಲ್ಲ ಸೇರಿ ಒಂದು ದಿನ ಗೊತ್ತು ಮಾಡೋಣ. ನಾನು ಗುದ್ದಲಿ ಹಿಡ್ಕೊಂಡು ರೆಡಿ. ನೀವು?